ಚಾಕಿಮನೆಯ ಹೊಗೆಕೊಳವೆ ನಾನು

ನಾನು ಒಂದು ಹೊಗೆಕೊಳವೆ. ಮುಖ ಸಿಂಡರಿಸಬೇಡಿ. ಅಡುಗೆಮನೆಯ ಮಸಿ ಹಿಡಿದ ಚಿಮಣಿ ಅಲ್ಲ ನಾನು, ಒಳಗೊಂದು ಹೊರಗೊಂದು ಎರಡು ಪದರದ ಸ್ಟೀಲ್ ಮೈ ನನ್ನದು. ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡನ್ನು ಸುತ್ತಿ, ಅಂಚಿಗೆ ಬೆಸುಗೆ ಹಾಕಿ ನನ್ನನ್ನು ಹುಟ್ಟಿಸಿದರು. ಮಳೆ ನೀರು ಇಳಿಯದಂತೆ ತಲೆಗೊಂದು ಟೋಪಿ ಇಟ್ಟರು. ಆ ಟೋಪಿಯ ಬಗ್ಗೆ ನನಗೆ ಸ್ವಲ್ಪ ಜಂಭ ಇತ್ತು, ಸುಳ್ಳು ಹೇಳುವುದಿಲ್ಲ.

ಅಲ್ಲಿಂದ ಚಿಂತಾಮಣಿಯ ಒಂದು ಅಂಗಡಿಗೆ ಬಂದೆ. ಬಂದವರೆಲ್ಲ ಪಕ್ಕದಲ್ಲಿ ತೂಗುಹಾಕಿದ್ದ ಗ್ಯಾಸ್ ಹೀಟರನ್ನೇ ಸುತ್ತಿ ಸುತ್ತಿ ನೋಡುವವರು. ದೊಡ್ಡ ಪೆಟ್ಟಿಗೆ, ಒಳಗೆ ಬರ್ನರು, ಹಿಂದೆ ಫ್ಯಾನು, ಅದರ ಠೀವಿಯೇ ಠೀವಿ. ನನಗೆ ಮಾತ್ರ ಛತ್ರಿ ಒರಗಿಸುತ್ತಿದ್ದರು. ಎಂಟು ತಿಂಗಳು ಹೀಗೆ ಕಳೆದ ಮೇಲೆ ಫಿಟ್ಟರ್ ಪ್ಯಾರೇಜಾನ್ ಸಾಬರು ಬಂದರು. ಹೀಟರಿನ ಕಡೆ ತಿರುಗಿಯೂ ನೋಡದೆ ಮೊದಲು ನನ್ನನ್ನು ಎತ್ತಿ, ಈ ತುದಿಗೆ ಕಣ್ಣಿಟ್ಟು ಆ ತುದಿಯ ಬೆಳಕು ನೋಡಿದರು. "ಹೀಟರ್ ಯಾವ್ದಾದ್ರೂ ಸಿಗ್ತದೆ. ಕೊಳವೆ ಸರಿಗಿರ್ಬೇಕು," ಎಂದರು. ಅವತ್ತೇ ನಾನು ಆ ಮನುಷ್ಯನಿಗೆ ಸೋತುಹೋದೆ.

ಅವರು ನನ್ನನ್ನು ಒಯ್ದದ್ದು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಗೆ, ಮುನಿಯಲ್ಲಮ್ಮನ ಚಾಕಿಮನೆಗೆ. ಮೊಟ್ಟೆಯೊಡೆದು ಬಂದ ರೇಷ್ಮೆಹುಳುಗಳನ್ನು ಎಂಟು ಹತ್ತು ದಿನ ಎಳೆಸೊಪ್ಪು ಹಾಕಿ ಸಾಕಿ ರೈತರಿಗೆ ಕೊಡುವ ಮನೆ ಅದು. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಲ್ಲದಿದ್ದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಹಿಂದಿನ ವರ್ಷ ಬಾಗಿಲು ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚಿ, ಇದ್ದಿಲ ಒಲೆ ಇಟ್ಟುಕೊಂಡು ಸೊಪ್ಪು ಹೆಚ್ಚುತ್ತಿದ್ದ ಮುನಿಯಲ್ಲಮ್ಮ ಕೂತಲ್ಲೇ ಎಚ್ಚರ ತಪ್ಪಿ ಬಿದ್ದಿದ್ದಳಂತೆ. ಗಂಡ ಪಿಳ್ಳಪ್ಪ ಎತ್ತಿಕೊಂಡು ಓಡಿದ್ದಕ್ಕೆ ಉಳಿದಳು. ಅಂದಿನಿಂದ ಅವನದು ಒಂದೇ ಹಟ, ಚಾಕಿಮನೆ ಮುಚ್ಚಬೇಕು. ಅವಳದೂ ಒಂದೇ ಹಟ, ಮುಚ್ಚುವುದಿಲ್ಲ. ಕೊನೆಗೆ, ಕೆಟ್ಟ ಗಾಳಿಯೆಲ್ಲ ಹೊರಗೆ ಹೋಗುವಂಥ ಹೀಟರ್ ಹಾಕಿಸಿ ಒಂದು ಸಲ ನೋಡೋಣ, ಅದೂ ಕೈಕೊಟ್ಟರೆ ಬಾಗಿಲಿಗೆ ಬೀಗ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಹೀಗೆ ಅವಳ ಚಾಕಿಮನೆಯ ಹಣೆಬರಹ ನನ್ನ ತಲೆಗೆ ಬಂತು.

ಪ್ಯಾರೇಜಾನ್ ಹೀಟರನ್ನು ಚಾವಣಿಗೆ ತೂಗುಹಾಕಿ, ಸಿಲಿಂಡರನ್ನು ಹೊರಗಿಟ್ಟು, ನನ್ನನ್ನು ನೆಟ್ಟಗೆ ತಾರಸಿ ದಾಟಿಸಿದರು. ಪಿಳ್ಳಪ್ಪನಿಗೆ ಅದು ಅತಿಯೆನಿಸಿತು.

"ಅದ್ಯಾಕ್ ಸಾಬ್ರೇ ಅಷ್ಟ್ ಮ್ಯಾಲಕ್ಕೆ? ಗೋಡೇಲಿ ತೂತು ಹೊಡ್ದು ಆಚೆ ಬಿಟ್ರೆ ಆಗಲ್ವಾ?"

"ಕಿಟಕಿ ಪಕ್ಕ ಬಿಟ್ರೆ ಅದೇ ಗಾಳಿ ಕಿಟಕೀಲಿ ವಾಪಸ್ ಬರ್ತದೆ ಪಿಳ್ಳಪ್ಪಣ್ಣ. ಕಣ್ಣಿಗೆ ಕಾಣಲ್ಲ, ಮೂಗಿಗೆ ತಾಗಲ್ಲ, ಆಳ್ನೇ ಮಲಗಿಸ್ಬಿಡ್ತದೆ."

ಅವತ್ತು ಶುಕ್ರವಾರ. ನನ್ನ ಕೆಲಸ ಮುಗಿಸಿ ಅವರು ನಮಾಜಿಗೆ ಹೋದರು. ಅವರು ಅತ್ತ ಹೋದದ್ದೇ ತಡ, ಪಿಳ್ಳಪ್ಪನ ತಾಯಿ ಅಕ್ಕಯ್ಯಮ್ಮ ತಾರಸಿ ಹತ್ತಿದಳು. ನಲವತ್ತು ವರ್ಷ ಹುಳು ಸಾಕಿದ ಹೆಂಗಸು. ಅವಳಿಗೆ ಲೋಕದಲ್ಲಿದ್ದ ಒಬ್ಬನೇ ವೈರಿ ಎಂದರೆ ಊಜಿ ನೊಣ. ಅದು ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಹುಳುವಿನ ಕತೆ ಮುಗಿಯಿತು. ಅದಕ್ಕೇ ಹುಳುಮನೆಯ ಸಂದು ಗೊಂದು ಯಾವುದನ್ನೂ ಅವಳು ಬಲೆ ಕಟ್ಟದೆ ಬಿಟ್ಟವಳಲ್ಲ. ನನ್ನನ್ನು ಕಂಡು ಬೆಚ್ಚಿಬಿದ್ದಳು.

"ಅಯ್ಯಯ್ಯೋ, ಎಷ್ಟ್ ದೊಡ್ ತೂತ್ ಮಡಗವ್ನೆ! ಊಜಿ ನೊಣಕ್ಕೆ ದಿಡ್ಡಿ ಬಾಗ್ಲು!"

ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ನಾಲ್ಕು ಮಡಿಕೆ ಮಾಡಿ, ನನ್ನ ಚೆಂದದ ಟೋಪಿಯ ಮೇಲೆ ಎಳೆದು, ಕತ್ತಿಗೆ ದಾರ ಸುತ್ತಿ ಬಿಗಿದಳು. ಅಷ್ಟೂ ಪ್ರೀತಿಯಿಂದಲೇ ಮಾಡಿದಳು ಪುಣ್ಯಾತ್ಗಿತ್ತಿ. ಬಾಯಿಲ್ಲದ ಜನ್ಮ ನನ್ನದು, ಯಾರನ್ನು ಕೂಗಲಿ?

ಪ್ಯಾರೇಜಾನ್ ಬರುವ ಹೊತ್ತಿಗೆ ಹಾಳೆಗೆ ಅಂಟಿದ್ದ ಹುಳುವಿನ ಮೊಟ್ಟೆಗಳು ಒಡೆಯುತ್ತಿದ್ದವು. ಕೋಣೆ ಬೇಗ ಕಾಯಬೇಕಿತ್ತು. ಹೀಟರ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಅವರು ಜೇಬಿನಿಂದ ಊದುಬತ್ತಿ ತೆಗೆದು ಹೊತ್ತಿಸಿದರು. ಪೂಜೆಯೆಂದುಕೊಂಡು ಅಕ್ಕಯ್ಯಮ್ಮ ಕೈಮುಗಿದಳು.

"ಪೂಜೆ ಅಲ್ಲಮ್ಮ, ಪರೀಕ್ಷೆ. ಈ ಹೊಗೇನ ಒಳಕ್ಕೆ ಎಳ್ಕೊಂಡ್ರೆ ಕೊಳವೆ ಉಸಿರಾಡ್ತೈತೆ ಅಂತ ಲೆಕ್ಕ."

ಹೀಟರಿನ ನೆತ್ತಿಯಲ್ಲಿ ನಾನು ಸೇರುವ ಕಡೆ ಬತ್ತಿ ಹಿಡಿದರು. ನಾನು ಎಷ್ಟು ಎಳೆದರೂ ಆಗಲಿಲ್ಲ. ಹೊಗೆ ತಿರುಗಿ ಕೆಳಗಿಳಿದು ಮುನಿಯಲ್ಲಮ್ಮನ ಮುಖದ ಕಡೆಗೆ ಹೋಯಿತು. ಪ್ಯಾರೇಜಾನ್ ಥಟ್ಟನೆ ಗ್ಯಾಸ್ ನಿಲ್ಲಿಸಿ, ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಿದರು.

"ಆಯ್ತಲ್ಲ ನೋಡಿದ್ದು! ಬೀಗ ಎಲ್ಲಿಕ್ಕಿದ್ದೀಯ, ತಾ," ಎಂದ ಪಿಳ್ಳಪ್ಪ. ಮುನಿಯಲ್ಲಮ್ಮ ಒಳಗಿದ್ದ ಮೊಟ್ಟೆಯ ಹಾಳೆಗಳ ಕಡೆ ನೋಡಿದಳು. ಕಣ್ಣು ತುಂಬಿಕೊಂಡವು.

ಪ್ಯಾರೇಜಾನ್ ಮಾತ್ರ ನನ್ನನ್ನು ಬಿಟ್ಟುಕೊಡಲಿಲ್ಲ. ಹೀಟರಿನ ಬುಡದಿಂದ ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡುತ್ತ ತಾರಸಿಗೆ ಬಂದರು. "ಇದ್ಯಾರು ಕಟ್ಟಿದ್ದು?" ಎಂದು ಮೇಲಿಂದ ಕೂಗಿ, ದಾರ ಕತ್ತರಿಸಿ, ಬಲೆಯನ್ನು ಕೆಳಗೆ ತಂದರು.

"ನಾನೇ ಕಣಪ್ಪ," ಎಂದಳು ಅಕ್ಕಯ್ಯಮ್ಮ. ಬಲೆಯಿಂದಲೇ ಕೆಟ್ಟ ಗಾಳಿ ಕೋಣೆಗೆ ತಿರುಗಿತೆಂದು ತಿಳಿದದ್ದೇ ಜಗಲಿಯ ಮೇಲೆ ಕುಸಿದು ಕೂತಳು. "ನನ್ ಸೊಸೇನ ನಾನೇ ಸಾಯಿಸ್ಬಿಡ್ತಿದ್ನಲ್ಲೋ!"

"ಬಿಡಿ ಅತ್ತೆ, ಹುಳಕ್ಕೇಂತ ತಾನೆ ಕಟ್ಟಿದ್ದು," ಎಂದಳು ಮುನಿಯಲ್ಲಮ್ಮ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಇನ್ನೊಂದು ಬತ್ತಿ ಕೊಡಪ್ಪ. ನಾನೇ ಹಿಡೀತೀನಿ."

ಮತ್ತೆ ಹೀಟರ್ ಹಚ್ಚಿದರು. ಬೆಚ್ಚನೆ ಗಾಳಿ ನನ್ನೊಳಗೆ ಏರಿತು, ಬುಡದಿಂದ ಟೋಪಿಯವರೆಗೆ ಎಲ್ಲೂ ನಿಲ್ಲದೆ. ಅಕ್ಕಯ್ಯಮ್ಮ ಸ್ಟೂಲು ಹತ್ತಿ ಬತ್ತಿ ಹಿಡಿದಳು. ಹೊಗೆ ಬಾಗಿತು, ನನ್ನ ಕಡೆ ತಿರುಗಿತು, ಒಂದೇ ಎಳೆಯಾಗಿ ಒಳಗೆ ಹೊರಟಿತು.

"ಎಳ್ಕೊಂತು ಕಣೇ ಮುನೀ! ಸರ್ರಂತ ಎಳ್ಕೊಂತು!"

ಆ ಕೂಗಿಗೆ ಬೀದಿಯವರೆಲ್ಲ ಓಡಿ ಬಂದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಅಂಗಡಿಯ ಮೂಲೆಯ ಎಂಟು ತಿಂಗಳನ್ನೂ ಮರೆತೆ. ಮುನಿಯಲ್ಲಮ್ಮ ಅವತ್ತೇ ಹಾಳೆಯಿಂದ ತಟ್ಟೆಗೆ ಹುಳು ಇಳಿಸಿಕೊಂಡಳು. ಹತ್ತು ದಿನ ಆ ಕೋಣೆಯಲ್ಲೇ ಕೂತು ಸೊಪ್ಪು ಹೆಚ್ಚಿದಳು, ಒಂದು ದಿನವೂ ತಲೆನೋವು ಅನ್ನಲಿಲ್ಲ. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಎರಡನೇ ಜ್ವರದಿಂದ ಅಷ್ಟೂ ಹುಳು ಒಂದೇ ದಿನ ಎದ್ದವು. ತೆಗೆದುಕೊಂಡು ಹೋಗಲು ಬಂದ ರೈತರು ತಟ್ಟೆ ನೋಡಿ ಬಾಯಿ ಬಿಟ್ಟು ನಿಂತರು.

ಹನ್ನೊಂದು ಚಳಿಗಾಲ ದುಡಿದೆ. ಪ್ರತಿ ವರ್ಷ ಚಳಿಗೆ ಮುಂಚೆ ಪ್ಯಾರೇಜಾನ್ ಬಂದು ಮೈ ತಟ್ಟಿ ನೋಡುವರು. ಹನ್ನೆರಡನೆಯ ಸಲ ಅವರ ಬೆರಳು ಒಂದು ಸಣ್ಣ ತೂತಿನ ಮೇಲೆ ನಿಂತಿತು. "ಸಾಕು, ಇನ್ನು ಇದು ಬೇಡ," ಎಂದು ಇಳಿಸಿ, ಹೊಸಬನನ್ನು ನಿಲ್ಲಿಸಿದರು. ಬೇಸರವೇನಿಲ್ಲ. ತೂತು ಬಿದ್ದ ಕೊಳವೆ ಜಾಗ ಬಿಡಲೇಬೇಕು. ಈಗ ಹಿತ್ತಲಲ್ಲಿ ಅವರೆ ಬಳ್ಳಿಗೆ ಊರುಗೋಲಾಗಿ ನಿಂತಿದ್ದೇನೆ. ಒಳಗೆ ಬಂದದ್ದನ್ನೆಲ್ಲ ಹೊರಗೆ ಕಳಿಸಿದೆ, ನನಗೆಂದು ಏನನ್ನೂ ಇಟ್ಟುಕೊಳ್ಳಲಿಲ್ಲ. ನನಗದು ತೃಪ್ತಿಯ ಬದುಕೇ.

ಮೊನ್ನೆ ಪಕ್ಕದೂರಿನ ರೈತನೊಬ್ಬ ಬಂದು, ಹುಳು ಯಾವತ್ತು ಕೊಡುತ್ತೀರೆಂದು ಪಿಳ್ಳಪ್ಪನನ್ನು ಕೇಳಿದ. ಪಿಳ್ಳಪ್ಪನ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇತ್ತು.

"ನನ್ನೇನ್ ಕೇಳ್ತೀಯಪ್ಪ? ಯಜಮಾನಿ ಒಳಗವ್ಳೆ, ಅವ್ಳನ್ನ ಕೇಳು. ಈ ಸಲ ಎರಡನೇ ಕೋಣೇನೂ ತೆಗ್ದವ್ಳೆ."

"ಸೊಪ್ಪು ತತ್ತೀರೋ, ಅಲ್ಲೇ ಮಾತಾಡ್ತಾ ನಿಂತ್ಕೊತೀರೋ?" ಎಂದು ಒಳಗಿನಿಂದ ಮುನಿಯಲ್ಲಮ್ಮನ ಕೂಗು ಬಂತು. ಎಂಥ ಗಟ್ಟಿ ದನಿ ಅಂತೀರಿ! ಪಿಳ್ಳಪ್ಪ ಹೊರೆ ಸಮೇತ ಒಳಗೆ ಓಡಿದ.