ಹೊನ್ನೂರಮ್ಮನ ಮಾತಿನ ದೋಷ

"ಬಾಯಿ ತಗಿಯಲೇ ಹಲ್ಕಟ್ ಮುಂಡೇದೇ! ಮೊನ್ನಿ ಆಫೀಸರ್ ಮುಂದ ಹೆಂಗ ತಗದಿದ್ದಿ?"

ಹೆಡ್‌ಮಾಸ್ತರ ಮೈಲಾರಲಿಂಗಪ್ಪ ಎಂಟು ವರ್ಷದ ಹೊನ್ನೂರಮ್ಮನ ದವಡೆ ಅಮುಕಿ ಹಿಡಿದಿದ್ದ. ಹುಡುಗಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು.

"ಕೈ ತಗೀರಿ ಸಾರ್. ಪರೀಕ್ಷಿ ಮಾಡಾಕ ನಾನದೀನಿ," ಎಂದಳು ಕ್ರಾಂತಿ.

ಕೋಗಳಿಯ ಕೂಲಿಕಾರ ಪಕ್ಕೀರಪ್ಪನ ಮಗಳು ಕ್ರಾಂತಿ ಮಾತು ಮತ್ತು ಶ್ರವಣ ದೋಷಗಳ ಡಿಗ್ರಿ ಓದುತ್ತಿದ್ದಳು, ಮೂರನೇ ವರ್ಷ. ಮಕ್ಕಳ ಮಾತು ಪರೀಕ್ಷಿಸುವ ಕಾಲೇಜಿನ ಕ್ಯಾಂಪಿಗೆಂದು ತನಗೆ ಪಾಠ ಹೇಳುವ ಮೇಡಂ ಜೊತೆ ಕೂಡ್ಲಿಗಿ ಸೀಮೆಯ ಈ ಶಾಲೆಗೆ ಬಂದಿದ್ದಳು. ಮೊದಲ ವರ್ಷ ಶಾಲೆಗೆ 'ಸಾಲಿ' ಅಂದದ್ದಕ್ಕೆ ಇದೇ ಮೇಡಂ ಅವಳನ್ನು ಕ್ಲಾಸಿನ ಎದುರು ನಿಲ್ಲಿಸಿ, "ದೋಷ ಅಂದ್ರೆ ಹೇಗಿರುತ್ತೆ ಕೇಳಿಸ್ಕೊಳ್ಳಿ" ಎಂದು ಹತ್ತು ಸಲ ಹೇಳಿಸಿದ್ದರು. ಅಂದು ನಕ್ಕವರ ಮುಖಗಳು ಅವಳಿಗೆ ಇನ್ನೂ ನೆನಪಿದ್ದವು.

ಕ್ರಾಂತಿ ಹುಡುಗಿಯ ಕಿವಿ ನೋಡಿದಳು, ನಾಲಿಗೆ ನೋಡಿದಳು, ಚಿತ್ರದ ಕಾರ್ಡು ಒಂದೊಂದಾಗಿ ಹಿಡಿದಳು. ಹೊನ್ನೂರಮ್ಮ ಎಲ್ಲಕ್ಕೂ ಪಟಪಟನೆ ಹೆಸರು ಹೇಳಿದಳು. ಶಂಖಕ್ಕೆ ಮಾತ್ರ 'ಸಂಕ' ಅಂದಳು.

"ಬರಕೋರಿ! ನಾಲಗಿ ಸುದ್ದ ಇಲ್ಲ ಅಂತ ಬರಕೋರಿ," ಎಂದ ಹೆಡ್‌ಮಾಸ್ತರ.

"ನೀವೂ 'ಸುದ್ದ' ಅಂದ್ರಿ ಸಾರ್. ನಿಮ್ಮ ಹೆಸರೂ ಬರಕೊಳ್ಳೇನು?"

ಬಾಗಿಲಲ್ಲಿ ನಿಂತಿದ್ದ ತಾಯಿ ಭರಮಮ್ಮ ತಡೆಯಲಾರದೆ ಒಳಗೆ ಬಂದಳು. "ಊಟಕ್ಕ ಈ ಮಾಸ್ತರ ನಮ್ಮ ಕೇರಿ ಮಕ್ಕಳ್ನ ಬ್ಯಾರೆ ಕುಂದ್ರುಸ್ತಾನ ಅಂತ ನನ್ನ ಮಗಳು ಆಫೀಸರ್‌ಗೆ ಹೇಳ್ಯಾಳವ್ವ. ಸೋಮಾರ ಎನ್‌ಕ್ವಯರಿ ಐತಿ, ಆಕಿ ಸಾಕ್ಷಿ ಹೇಳಬೇಕು. ಆಕಿಗೆ ಮಾತ ಬರಾಂಗಿಲ್ಲ ಅಂತ ತೋರಿಸಿ ಸಾಲಿ ಬಿಡಿಸಾಕ ಈ ಆಟ."

"ಹೊಲಗೇರಿ ಬಾಯಿಗೆ ಬೀಗಾನ ಇಲ್ದಂಗಾತು ನೋಡ್ರಿ!" ಎಂದ ಹೆಡ್‌ಮಾಸ್ತರ.

ಮೇಡಂ ಕ್ರಾಂತಿಯ ಕಿವಿಯ ಹತ್ತಿರ ಬಗ್ಗಿದರು. "ದೋಷ ಇದೆ ಅಂತ ಬರೆದುಬಿಡು. ನಮಗೆ ಊಟ, ವಸತಿ ಎಲ್ಲ ಅವರೇ ಮಾಡಿದ್ದಾರೆ. ನಿನ್ನ ಪ್ರಾಕ್ಟಿಕಲ್ ಮಾರ್ಕ್ಸ್ ನನ್ನ ಕೈಯಲ್ಲಿದೆ."

"ಇದು ದೋಷ ಅಲ್ಲ ಮೇಡಂ, ಊರ ಮಾತು. ನೀವು ಓದಿಸಿದ ಪುಸ್ತಕದಾಗೂ ಹಂಗ ಐತಿ."

"ಐತಿ! ಮೂರು ವರ್ಷ ಆದರೂ ತಿದ್ದಿಕೊಳ್ಳಲಿಲ್ಲ ನೀನು."

ಕ್ರಾಂತಿ ಪೆನ್ನು ತೆಗೆದಳು. ಒತ್ತಿ ಬರೆದಳು: ಕಿವಿ ಸರಿ ಇದೆ. ನಾಲಿಗೆ ಸರಿ ಇದೆ. ಮಾತಿನಲ್ಲಿ ಯಾವ ದೋಷವೂ ಇಲ್ಲ. ಸಹಿ ಹಾಕಿ ಹಾಳೆಯನ್ನು ಭರಮಮ್ಮನಿಗೆ ಕೊಟ್ಟಳು.

"ತಾರಲೇ ಇಲ್ಲಿ ಅದನ್ನ!" ಮೈಲಾರಲಿಂಗಪ್ಪ ಕೈ ಚಾಚಿದ. ಭರಮಮ್ಮ ಹಾಳೆ ಮಡಚಿ ಕುಪ್ಪಸದೊಳಗೆ ತುರುಕಿಕೊಂಡಳು.

"ಮುಟ್ಟು ನೋಡಾನ."

ಚಾಚಿದ ಕೈ ಹಿಂದಕ್ಕೆ ಹೋಯಿತು. ಮೇಡಂ ಮಾರ್ಕ್ಸಿನ ಪುಸ್ತಕ ತೆಗೆದು ಕ್ರಾಂತಿಯ ಹೆಸರಿನ ಮುಂದೆ, ಅವಳಿಗೆ ಕಾಣುವ ಹಾಗೆಯೇ, ಸೊನ್ನೆ ಸುತ್ತಿದರು.

ಊಟದ ಗಂಟೆ ಹೊಡೆಯಿತು. ಕ್ರಾಂತಿ ಹೊನ್ನೂರಮ್ಮನ ಕೈ ಹಿಡಿದು ಪಡಸಾಲೆಗೆ ನಡೆದು, ಊರ ಮಕ್ಕಳ ಸಾಲಿನ ನಟ್ಟನಡುವೆ ಅವಳನ್ನು ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಆಚೀಚೆಯ ಮಕ್ಕಳು ದೂರ ಸರಿದರು. ಅಡುಗೆಯ ನಾಗಲಿಂಗಮ್ಮ ಅನ್ನದ ಸೌಟು ಎತ್ತಿದವಳು ಹಾಗೆಯೇ ನಿಂತು ಹೆಡ್‌ಮಾಸ್ತರನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ, ಬೇಡವೆಂದು.

"ಹಾಕು," ಎಂದಳು ಹೊನ್ನೂರಮ್ಮ, ಇಡೀ ಪಡಸಾಲೆಗೆ ಕೇಳುವಂತೆ.