ಬಿಟ್ ಬೀಳದ ಸ್ಕ್ರೂಡ್ರೈವರ್

ಅಂಗಡಿ ಬಾಗಿಲು ತೆಗೆಯುವ ಮೊದಲೇ ಪಾದರಸ ಅದರ ಮುಂದೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಪಾದರಸ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಯ ಎಲೆಕ್ಟ್ರಿಷಿಯನ್‌ಗಳು ಇಟ್ಟದ್ದು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯನಿಗೆ ಇನ್ನೇನು ಇಡುತ್ತಾರೆ? ನಲವತ್ತು ದಾಟಿದ ಮೇಲೂ ಊಟಕ್ಕೆ ಕೂತರೆ ಮಂಡಿ ಕುಣಿಸುತ್ತಾನೆ, ತಟ್ಟೆಯೂ ಕುಣಿಯುತ್ತದೆ ಎಂದು ಹೆಂಡತಿಯ ದೂರು.

ಹತ್ತು ಗಂಟೆಗೆ ಲೈಬ್ರರಿಯ ಓದುವ ಕೋಣೆಯಲ್ಲಿ ಹದಿನಾಲ್ಕು ದೀಪ ಬದಲಿಸುವ ಕೆಲಸವಿತ್ತು. ಅದಕ್ಕೆ ಮೊದಲು ಒಂದು ಸ್ಕ್ರೂಡ್ರೈವರ್ ಕೊಳ್ಳಬೇಕಿತ್ತು. ಎಂಥದೋ ಒಂದಲ್ಲ, ಭಾವ ನೋಡಿ ಒಪ್ಪುವಂಥದ್ದು. ಒಪ್ಪದಿದ್ದರೆ ಸೋಮವಾರದಿಂದ ಅವರ ಜೋಡಿ ಮುರಿದ ಹಾಗೆಯೇ. ಭಾವ ಆಗಲೇ ಕಂಟ್ರಾಕ್ಟರ್ ಬಳಿ ಹೋಗಿ, ಇವನಿಗೆ ಬೇರೆ ಜೊತೆಗಾರನನ್ನು ಕೊಡಿ ಎಂದು ಕೇಳಿ ಬಂದಿದ್ದರು. ಅದೂ ಪಾದರಸನಿಗೆ ಹೇಳದೆ, ಇವನಿಗೆ ಗೊತ್ತಾದದ್ದು ಕಂಟ್ರಾಕ್ಟರ್ ಬಾಯಿಂದ.

ಭಾವ ಎಂದರೆ ಅಕ್ಕನ ಗಂಡ. ತಂತಿ ಸುಲಿಯುವುದರಿಂದ ಹಿಡಿದು ಎಲ್ಲವನ್ನೂ ಇವನಿಗೆ ಕಲಿಸಿದವರು. ಹನ್ನೊಂದು ವರ್ಷದಿಂದ ಇವನು ಏಣಿ ಹತ್ತುತ್ತಾನೆ, ಅವರು ಬುಡದಲ್ಲಿ ನಿಂತು ಹಿಡಿಯುತ್ತಾರೆ. ಹತ್ತುವ ಮೊದಲು ಜೇಬೆಲ್ಲ ಖಾಲಿ ಮಾಡಿ, ಮೇಲಕ್ಕೆ ಹೋಗುವುದನ್ನೆಲ್ಲ ಭಾವನಿಗೆ ತೋರಿಸಬೇಕು. ಇಕ್ಕಳ ಒಂದು, ಟೆಸ್ಟರ್ ಒಂದು ಎಂದು ಅವರು ಎಣಿಸಬೇಕು. ಒಂದೊಂದಕ್ಕೂ ದಾರ ಕಟ್ಟಿ ಮಣಿಕಟ್ಟಿಗೋ ಸೊಂಟಕ್ಕೋ ಸಿಗಿಸಬೇಕು. ಇದು ಭಾವ ಮಾಡಿದ ಕಟ್ಟಳೆ. ಉಳಿದ ಜೋಡಿಗಳು ನಗುತ್ತಿದ್ದವು, ನಗಲಿ ಬಿಡಿ.

ಮೂರು ವಾರದ ಹಿಂದೆ ಪಾದರಸ ಹಿಡಿಯಲ್ಲೇ ಆರು ಬಿಟ್, ಅಂದರೆ ಬದಲಿಸಿ ಸಿಗಿಸುವ ಮೊನೆಗಳನ್ನು, ತುಂಬಿಡುವ ಹೊಸ ಸ್ಕ್ರೂಡ್ರೈವರ್ ತಂದಿದ್ದ. ಹಿಡಿಗೆ ದಾರ ಕಟ್ಟಿದ. "ಸ್ಕ್ರೂಡ್ರೈವರ್ ಒಂದು" ಎಂದು ಭಾವ ಎಣಿಸಿದರು. ಒಂದೆಲ್ಲಿ ಬಂತು, ಒಳಗೆ ಆರಿದ್ದವು! ಇಬ್ಬರಿಗೂ ಹೊಳೆಯಲಿಲ್ಲ. ಮೇಲೆ ಅವಸರದಲ್ಲಿ ತಿರುಪುವಾಗ ಹಿಡಿಯ ಮುಚ್ಚಳ ಕಳಚಿತು. ಹಿಡಿ ದಾರದಲ್ಲಿ ಭದ್ರವಾಗಿ ನೇತಾಡುತ್ತಿತ್ತು, ಬಿಟ್‌ಗಳು ಮಾತ್ರ ಕೆಳಗೆ ಹೋದವು. ಸದ್ದು ಕೇಳಿ ತಲೆಯೆತ್ತಿದ ಭಾವನ ಹುಬ್ಬಿಗೆ ಒಂದು ಬಡಿಯಿತು. ಮೂರು ಹೊಲಿಗೆ. ಒಂದು ಬೆರಳಷ್ಟು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು.

ಭಾವ ಬೈಯಲಿಲ್ಲ. ಬೈದಿದ್ದರೆ ಪಾದರಸ ಹೇಗೋ ತಡೆದುಕೊಳ್ಳುತ್ತಿದ್ದ. ಅಂದಿನಿಂದ ಅವರು ಏಣಿಯನ್ನು ಹಗ್ಗದಿಂದ ಕಂಬಕ್ಕೋ ಕಿಟಕಿಗೋ ಬಿಗಿದು, ದೂರ ಬಾಗಿಲ ಬಳಿ ಹೋಗಿ ನಿಲ್ಲತೊಡಗಿದರು. ಇವನು ಮೇಲಿನಿಂದ ಮಾತಾಡಿಸಿದರೆ ಹೂಂ, ಉಹೂಂ, ಅಷ್ಟೇ. ಈ ಹೂಂ ಉಹೂಂಗಳೇ ಮೂರು ವಾರದಿಂದ ಅವನ ತಲೆ ತಿನ್ನುತ್ತಿದ್ದವು.

ಅಂತೂ ಅಂಗಡಿಯಾಕೆ ಬಂದು ಬೀಗ ತೆಗೆದಳು. ಬೋರ್ಡಿನ ಮೇಲೆ ಸಾಲಾಗಿ ನೇತಾಡುತ್ತಿದ್ದವುಗಳಲ್ಲಿ ಎಂಟನ್ನು ಪಾದರಸ ತಾನೇ ಕಿತ್ತು ಮೇಜಿನ ಮೇಲೆ ಸುರಿದುಕೊಂಡ. ಹಿಡಿಯಲ್ಲಿ ಬಿಟ್ ತುಂಬಿಡುವ ಮೂರನ್ನು ಮುಟ್ಟದೆಯೇ ಆಚೆ ತಳ್ಳಿದ. ಅಯಸ್ಕಾಂತದ ಬಲದಲ್ಲಿ ಬಿಟ್ ಹಿಡಿದುಕೊಳ್ಳುವ ಎರಡನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ನಿಂತವು. ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದ, ಎರಡರದ್ದೂ ಉದುರಿತು. ಕಡ್ಡಿಯ ಎರಡೂ ತುದಿಯಲ್ಲಿ ಬಿಟ್ ಇರುವ ಇನ್ನೊಂದು ಚೆನ್ನಾಗಿಯೇ ಇತ್ತು. ಆದರೆ ಬದಲಿಸಬೇಕಾದಾಗ ಕಡ್ಡಿಯನ್ನೇ ಹೊರಗೆಳೆದು ತಿರುಗಿಸಬೇಕು, ಅದಕ್ಕೆ ಎರಡೂ ಕೈ ಬೇಕು. ಏಣಿಯ ಮೇಲಿರುವವನಿಗೆ ಎರಡು ಕೈ ಎಲ್ಲಿರುತ್ತವೆ?

ಇಷ್ಟು ಕಷ್ಟ ಯಾಕೆ, ಬೇರೆ ಬೇರೆ ಮೂರು ಸ್ಕ್ರೂಡ್ರೈವರ್ ಒಯ್ಯಬಾರದೇ ಎಂದು ಅಂಗಡಿಯಾಕೆ ಕೇಳಿದಳು. ಹಳೇ ದೀಪದ ಗಾಜಿಗೆ ನಕ್ಷತ್ರದ ಸ್ಕ್ರೂ, ಕೊಂಡಿಗೆ ಚಪ್ಪಟೆಯದು, ತಂತಿ ಕಚ್ಚುವ ಜಾಗದಲ್ಲಿ ಸೂಜಿಯಂಥದ್ದು, ಮೂರಕ್ಕೆ ಮೂರು ದಾರ ಕಟ್ಟಿದರೆ ಮೇಲೆ ದಾರ ಬಿಡಿಸುತ್ತಾ ಕೂರುವುದೇ ಆಗುತ್ತದೆ ಎಂದು ಪಾದರಸ ಒಂದೇ ಉಸಿರಿಗೆ ಒದರಿದ. ಒದರುತ್ತಲೇ ಏಳನೆಯದನ್ನು ಕುಟ್ಟಿದ.

"ಕೊಂಡ್ಕೋತೀರೋ, ಇಲ್ಲಾ ಎಲ್ಲಾನೂ ಮುರಿದು ಹೋಗ್ತೀರೋ?" ಎಂದಳು ಅವಳು. ಹಾಗೆಂದವಳೇ ಒಳಗೆ ಹೋಗಿ ಕಪ್ಪು ಹಿಡಿ ಇರುವ ಒಂದನ್ನು ತಂದಳು. ಅದರ ಕುತ್ತಿಗೆಯಲ್ಲಿ ಉಕ್ಕಿನ ಬಳೆ ಇತ್ತು. ಬಳೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿದರೆ ಮಾತ್ರ ಬಿಟ್ ಬಿಡುತ್ತಿತ್ತು. ಮೂರು ಬಿಟ್‌ಗೂ ನಡುವಿನಲ್ಲಿ ತೂತು, ತೂತಿನಲ್ಲಿ ಸಣ್ಣ ಸರಪಳಿ, ಸರಪಳಿಯ ಇನ್ನೊಂದು ತುದಿ ಹಿಡಿಗೇ ಸೇರಿತ್ತು. ನೋಡಲು ಅಂದವೇನಿಲ್ಲ, ಅದಕ್ಕೇ ಯಾರೂ ಕೊಳ್ಳುವುದಿಲ್ಲ ಎಂದಳು.

ಪಾದರಸ ಎಳೆದ, ಕುಟ್ಟಿದ, ಕೈಗೆ ಎಣ್ಣೆ ಸವರಿಕೊಂಡು ತಿರುಪಿದ, ಕೊನೆಗೆ ನೆಲಕ್ಕೆ ಬಿಸಾಡಿದ. ಒಂದೂ ಕಳಚಲಿಲ್ಲ. ಅವನಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಅಕ್ಕನ ಫೋನು. ನಿಮ್ಮ ಭಾವನ ವಿಷಯ ಒಂದು ಮಾತು, ಮನೇಲಿ ಒಂದು ಪಾತ್ರೆ ಬಿದ್ದರೂ ಅವರು... ಎಂದು ಅವಳು ಶುರು ಮಾಡಿದಳು. ಇವನು ಪೂರ್ತಿ ಹೇಳಲು ಬಿಡಬೇಕಲ್ಲ! ಸಿಟ್ಟಿದೆ ಅಂತ ಗೊತ್ತು ಅಕ್ಕ, ಎಲ್ಲ ಸರಿಮಾಡ್ತೀನಿ ಎಂದವನೇ ಫೋನ್ ಇಟ್ಟು ಓಡಿದ.

ಲೈಬ್ರರಿಯ ಕೋಣೆ ಎರಡು ಆಳೆತ್ತಕ್ಕೂ ಮೀರಿತ್ತು. ಕಂಬವಿಲ್ಲ, ಕಿಟಕಿಗಳೆಲ್ಲ ಕೈಗೆಟುಕದ ಹಾಗೆ ಗೋಡೆಯ ಮೇಲ್ತುದಿಯಲ್ಲಿ, ಉಜ್ಜಿ ಹೊಳಪು ಮಾಡಿದ ಮರದ ನೆಲ. ಇಲ್ಲಿ ಏಣಿ ಕಟ್ಟಲು ಜಾಗವೇ ಇರಲಿಲ್ಲ, ಯಾರಾದರೂ ಹಿಡಿಯಲೇಬೇಕಿತ್ತು. ಭಾವ ಏಣಿಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಹುಬ್ಬಿನ ಗಾಯ ಇನ್ನೂ ಕೆಂಪಗಿತ್ತು.

ಪಾದರಸ ಚೀಲ ಇಳಿಸುವ ಮೊದಲೇ ಸ್ಕ್ರೂಡ್ರೈವರ್ ತೆಗೆದ. ಬಳೆ ತೋರಿಸಿದ, ಸರಪಳಿ ಜಗ್ಗಿ ತೋರಿಸಿದ, ಗೋಡೆಗೆ ಕುಟ್ಟಿ ತೋರಿಸಿದ. ಓದುತ್ತಿದ್ದ ಇಬ್ಬರು ಮುಖ ಗಂಟಿಕ್ಕಿ ಎದ್ದು ಹೋದರು. ಭಾವ ಅದನ್ನು ಕೈಗೆ ತೆಗೆದುಕೊಂಡು ಬಿಟ್‌ಗಳನ್ನು ಒಂದೊಂದಾಗಿ ಎಣಿಸಿ, ಒಳ್ಳೆಯದನ್ನೇ ತಂದಿದ್ದೀಯ ಎಂದರು. ಆಮೇಲೆ ಏಣಿಯ ಕೆಳಗಿನ ಮೆಟ್ಟಿಲಿಗೆ ಕಾಲು ಒತ್ತಿ, ಎರಡೂ ಕೈಯಿಂದ ಹಿಡಿದು ನಿಂತರು.

ಪಾದರಸನ ಸಂತೋಷಕ್ಕೆ ಪಾರವಿಲ್ಲ. ಗೆದ್ದೆ ಎಂದುಕೊಂಡು ಸರಸರನೆ ಹತ್ತಿದ. ಐದನೇ ಮೆಟ್ಟಿಲಲ್ಲಿ ಏಣಿ ನಡುಗುವುದು ಗೊತ್ತಾಯಿತು. ತನ್ನ ಕಾಲೇ ಇರಬೇಕು ಎಂದು ನಿಂತ. ಕಾಲು ನಿಂತಿತು, ಏಣಿ ನಿಲ್ಲಲಿಲ್ಲ. ಮೇಲಿನ ಹಳೇ ದೀಪ ಯಾಕೋ ಟಿಕ್ ಎಂದಿತು. ಏಣಿ ಗಕ್ಕನೆ ಪಕ್ಕಕ್ಕೆ ಸರಿಯಿತು. ಬಗ್ಗಿ ನೋಡಿದರೆ ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆಯನ್ನು ತೋಳಿನೊಳಗೆ ಹುದುಗಿಸಿಕೊಂಡಿದ್ದರು. ಒಂದು ಕೈ ಏಣಿಯನ್ನು ಬಿಟ್ಟು ಹುಬ್ಬಿನ ಮೇಲಿತ್ತು.

ಇವನು ಮೆಲ್ಲಗೆ ಇಳಿದು ಬಂದ. ಜೀವನದಲ್ಲಿ ಮೊದಲ ಸಲ ಮೆಲ್ಲಗೆ.

"ನಿನ್ನ ಮೇಲೆ ಸಿಟ್ಟಿಲ್ಲ ಕಣೋ," ಎಂದರು ಭಾವ, ಅವನ ಮುಖ ನೋಡದೆ. "ಮೇಲೆ ಏನಾದ್ರೂ ಸದ್ದಾದ್ರೆ ಕೈ ತಾನಾಗೇ ಬಿಟ್ಟು ಹೋಗುತ್ತೆ. ಎಷ್ಟು ಹೇಳಿದ್ರೂ ಕೇಳಲ್ಲ. ನೀನು ತುದೀಲಿರುವಾಗ ಬಿಟ್ಟುಬಿಟ್ರೆ ನಿಮ್ಮಕ್ಕನಿಗೆ ಏನಂತ ಹೇಳಲಿ? ಅದಕ್ಕೇ ಬೇರೆಯವರನ್ನ ಕೊಡಿ ಅಂದೆ."

ಮೂರು ವಾರ ಅವರು ಹೆದರಿದ್ದು ಪಾದರಸನ ಕೈಗಲ್ಲ, ತಮ್ಮ ಕೈಗೆ. ಇವನೋ ಊರಿನ ಸ್ಕ್ರೂಡ್ರೈವರನ್ನೆಲ್ಲ ಕುಟ್ಟುತ್ತಾ ಇದ್ದ. ನಾಚಿಕೆಯಾಯಿತು, ಅಳುವೂ ಬಂತು. ಅಂಗಡಿಯಲ್ಲಿ ಅಕ್ಕನ ಮಾತನ್ನು ಪೂರ್ತಿ ಕೇಳಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ.

ತನ್ನ ಮಣಿಕಟ್ಟಿನಿಂದ ಸ್ಕ್ರೂಡ್ರೈವರಿನ ದಾರ ಬಿಚ್ಚಿ ಅದನ್ನು ಭಾವನ ಮಣಿಕಟ್ಟಿಗೆ ಕಟ್ಟಿದ.

"ನೀವು ಹತ್ತಿ. ನಾನು ಹಿಡೀತೀನಿ."

ಏಣಿ ಹತ್ತಿ ಹನ್ನೊಂದು ವರ್ಷವಾಯಿತು, ಮಂಡಿ ಹೋಗಿದೆ, ಕನ್ನಡಕ ಬೇರೆ ಎಂದು ಭಾವ ಗೊಣಗಿದರು. ನಿಧಾನಕ್ಕೆ ಹತ್ತಿ, ಸಾಯಂಕಾಲದವರೆಗೂ ಸಮಯವಿದೆ ಎಂದ ಪಾದರಸ. ಅವನ ಬಾಯಲ್ಲಿ ಇಂಥ ಮಾತು ಕೇಳಿ ಭಾವ ಒಮ್ಮೆ ಅವನನ್ನು ದಿಟ್ಟಿಸಿದರು. ಆಮೇಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದರು.

ಅವರ ಭಾರವೆಲ್ಲ ಏಣಿಯ ಕಾಲಿನಿಂದ ಪಾದರಸನ ಅಂಗೈಗೆ ಇಳಿಯಿತು. ಮೇಲೆ ಗಾಜು ಕಿರುಗುಟ್ಟಿತು, ಸ್ಕ್ರೂಡ್ರೈವರಿನ ಬಳೆ ಕಟ್ ಎಂದಿತು. ಇವನ ಕುತ್ತಿಗೆ ತಾನಾಗೇ ಹೆಗಲೊಳಗೆ ಸೇರಿಕೊಂಡಿತು. ಹನ್ನೊಂದು ವರ್ಷ ಭಾವ ಏಣಿಯ ಬುಡದಲ್ಲಿ ಹೀಗೆ ನಿಂತಿದ್ದರಾ ಎಂದುಕೊಂಡ. ಹಣೆಯ ಬೆವರು ಮೂಗಿಗಿಳಿದು ತುದಿಯಲ್ಲಿ ತುರಿಕೆ ಶುರುವಾಯಿತು.

"ಹಿಡಿದಿದ್ದೀಯೇನೋ?" ಎಂದು ಭಾವ ಮೇಲಿನಿಂದ ಕೇಳಿದರು.

"ಹಿಡಿದಿದ್ದೀನಿ, ಭಾವ."

ಒಂದು ನಿಮಿಷ ಬಿಟ್ಟು ಅವರು ಮತ್ತೆ ಅದನ್ನೇ ಕೇಳಿದರು. ಇವನೂ ಮತ್ತೆ ಅದನ್ನೇ ಹೇಳಿದ. ಇನ್ನೂ ಹದಿಮೂರು ದೀಪ ಬಾಕಿ ಇದ್ದವು.