ತಂಗೆವ್ವನ ಕೊಡದ ನೀರು

ತಪ್ಪು ತಿಳ್ಕೋಬೇಡಿ ಸಾರ್, ಇದನ್ನೆಲ್ಲ ಹೇಳೋಕೆ ನಾನು ಯಾರೂ ಅಲ್ಲ — ಥೂ, ಪ್ರತಿ ಸಲ ಕ್ಷಮೆ ಕೇಳಿಕೊಂಡೇ ಯಾಕೆ ಬಾಯಿ ತೆರೀಬೇಕು, ಶೈಲಶ್ರೀ ತನ್ನ ಮೇಲೇ ಸಿಡುಕಿದಳು, ಇಟ್ಟಮಡುವಿನ ಮನೆಯೆದುರು ಟ್ಯಾಂಕರಿನ ಪೈಪು ನೆಲದಡಿಯ ಸಂಪಿನೊಳಕ್ಕೆ ನೀರು ಕಾರುತ್ತಿದೆ, ಹೊರಚೆಲ್ಲಿದ್ದು ಇಳಿಜಾರು ಬಿಟ್ಟು ಕಾಂಕ್ರೀಟಿನ ಸೀಳೊಂದನ್ನು ಹಿಡಿದು ಅಡ್ಡಡ್ಡ ಹೋಗಿ ಮಾಯ, ನೋಡಿ ವೆಂಕಟಾಚಲ ಸಾರ್, ನೀರಿಗೆ ನಿಮ್ಮ ಇಳಿಜಾರು ಬೇಕಿಲ್ಲ, ಸೀಳು ಸಾಕು — ಆದರೆ ಅವರು ಬಾಸು, ಜಯನಗರದ ಆಫೀಸಿನ ಎಸಿಯಲ್ಲಿದ್ದಾರೆ, ಇವಳ ಕಂಪ್ಯೂಟರ್ ಮಾಡೆಲ್‌ಗೆ ಕಾಯುತ್ತಿದ್ದಾರೆ, ಅಣುತ್ಯಾಜ್ಯ ಹೂಳಲು ದೂರದ ಹಳ್ಳಿಯ ಆ ಬಂಡೆಗುಡ್ಡ ಆದೀತೇ, ಅದರಡಿಯ ನೀರು ಯಾವ ಕಡೆ ಹರಿಯುತ್ತೆ, ಇವತ್ತೇ ಕಳಿಸಬೇಕು.

ನೀರಿನ ಜಾಡು ಹಿಡಿಯಲು ಗುಡ್ಡದ ಆಳದ ಕೊಳವೆಬಾವಿಗೆ ಬಣ್ಣ ಇಳಿಸಿದ್ದು ಅವಳೇ, ಕುಡಿದರೂ ಕೇಡಿಲ್ಲದ ಹಸಿರು, ಪೂರ್ವಕ್ಕೆ ಹೋಗುತ್ತೆ ಅಂದಿತ್ತು ಕಂಪ್ಯೂಟರು, ಪೂರ್ವದ ಬಾವಿಗಳ ಹತ್ತಿರ ಬಾಟಲಿ ಹಿಡಿದು ಕಾದದ್ದೇ ಕಾದದ್ದು, ಒಂದು ಹನಿ ಇಲ್ಲ, ಆಮೇಲೆ ಪಶ್ಚಿಮದ ಓಣಿಯಿಂದ ತಂಗೆವ್ವ ಕೊಡ ಹೊತ್ತು ಬರುತ್ತಾಳೆ, ನೋಡ ಯವ್ವಾ, ನಮ್ಮ ಬಾವಿ ನೀರು ಗಿಣಿ ಬಣ್ಣ ಆಗೇತಿ, ಕುಡೀಬಹುದೇನ? ಕುಡೀಬಹುದು ಅಂದಳು, ಬಣ್ಣವನ್ನು ಕುಡೀಬಹುದು, ಅದರ ಹಿಂದೆ ಬರುವುದನ್ನು?

ಯಾರೋ ತಮಾಷೆಗೆ ಸುರಿದಿರ್ತಾರೆ ಕಣಮ್ಮ, ಹೋಳಿ ಗೀಳಿ, ಆ ಬಾವಿ ತೆಗೆದುಹಾಕು, ಗ್ರಾಫು ಸಖತ್ತಾಗಿ ಕೂತ್ಕೊಳುತ್ತೆ, ಈವ್ನಿಂಗ್ ಕಾಲೇಜಲ್ಲಿ ಇದೆಲ್ಲ ಹೇಳ್ಕೊಡಲ್ವಾ — ಅಂದಿದ್ದರು ವೆಂಕಟಾಚಲ, ಮೀಟಿಂಗಿನಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು, ನಕ್ಕಳಲ್ಲ, ನಕ್ಕು ಬಂದು ಮಾಡೆಲಿನಿಂದ ಬಾವಿಯನ್ನು ಅಳಿಸಿದಳು, ಒಂದು ಗುಂಡಿ ಒತ್ತಿದರೆ ಬಾವಿ ಇಲ್ಲ, ಓಣಿ ಇಲ್ಲ, ತಂಗೆವ್ವ ಇಲ್ಲ, ಎಷ್ಟು ಸಲೀಸು, ನಿಮ್ಮನೆ ಸಂಪಿಗೆ ಆ ನೀರು ಬಿಡಲೇ ಸಾರ್, ಬಿಡಲೇ?

ಅಕ್ಕಾ, ಸಂಪು ತುಂಬಿ ಎಷ್ಟೊತ್ತಾಯ್ತು, ನಿದ್ದೆ ಹೊಡೀತಿದೀರಾ, ಟ್ಯಾಂಕರಿನ ಬೈರಣ್ಣ ಕೂಗುತ್ತಿದ್ದಾನೆ, ಈ ನೀರೆಲ್ಲಾ ಎಲ್ಲಿಗ್ ಹೋಯ್ತು? ಅವಳು ಒಳಗೆ ನುಗ್ಗಿದಳು, ಲ್ಯಾಪ್‌ಟಾಪ್ ತೆರೆದಳು, ಅಳಿಸಿದ ಬಾವಿಯನ್ನು ಮತ್ತೆ ನೆಟ್ಟಳು, ಬಂಡೆಯಲ್ಲಿ ಸೀಳು ಎಳೆದಳು, ನಾಳೆ ಕೆಲಸ ಇರುತ್ತೋ ಇಲ್ಲವೋ, ನೀರಿನ ದಾರಿ ತೋರುವ ನೀಲಿ ಬಾಣಗಳು ಒಂದೊಂದಾಗಿ ಪಶ್ಚಿಮಕ್ಕೆ ಹೊರಳಿದವು, ಕ್ಷಮಿಸಿ ಸಾರ್ ಅಂತ ಬೆರಳು ತಾನೇ ಬರೆಯಿತು, ಅಳಿಸಿದಳು, ಬರೀ ಮಾಡೆಲ್ ಕಳಿಸಿದಳು — ಬಾಣಗಳು ತಂಗೆವ್ವನ ಬಾವಿಯವರೆಗೆ ಬಂದು ನಿಂತಿವೆ, ಅಲ್ಲಿಂದಾಚೆ ಯಾವ ಓಣಿ, ಯಾರ ಬಾವಿ, ನನಗೆ ಗೊತ್ತಿಲ್ಲ, ಅಳೆದಿಲ್ಲ, ಗೊತ್ತಿಲ್ಲ — ಕೊಡ, ಕೊಡದ ಬಾಯಿತನಕ ಗಿಣಿ ಬಣ್ಣ, ಕುಡೀಬಹುದೇನ